ಜಾಹೀರಾತಿನ ತಾಟಿನಲ್ಲಿರುವ ಊಟ ಖರೇನೇ? ಆಮೇಲೆ ಅದನ್ನು ತಿನ್ನುತ್ತೀರಾ?

ಗದಗದ ಓದುಗರೊಬ್ಬರು ಕೇಳಿದ್ದಾರೆ: "ಮಸಾಲಿ ಪ್ಯಾಕೆಟ್ ಮ್ಯಾಲೆ ಎಣ್ಣಿಗಾಯಿ ಫೋಟೋ ಹಾಕಿರ್ತಾರ್ರಿ. ಅದ ಮಸಾಲಿ ತಂದು ಮಾಡಿದ್ರೂ ನಂದು ಒಂದ್ ದಿನಾನೂ ಹಂಗ ಕಾಣಂಗಿಲ್ಲ. ಅದು ಖರೇ ಊಟ ಇರ್ತದೇನು, ಇಲ್ಲಾ ಬಣ್ಣ ಹಚ್ಚಿರ್ತೀರೋ? ಶೂಟಿಂಗ್ ಮುಗದ ಮ್ಯಾಲೆ ಅದನ್ನ ಯಾರ್ ತಿಂತಾರ?"

ನಾನು ಫುಡ್ ಸ್ಟೈಲಿಸ್ಟ್, ಅಂದರೆ ಫೋಟೋಕ್ಕಾಗಿ ಊಟವನ್ನು ಸಿಂಗರಿಸುವುದು ನನ್ನ ಕೆಲಸ ಅಂತ ಹೇಳಿಕೊಂಡ ಕೂಡಲೇ ಹುಬ್ಬಳ್ಳಿಯಲ್ಲಿ ಎದುರಾಗುವ ಮೊದಲ ಪ್ರಶ್ನೆಯೂ ಇದೇ. ಊಟ ಖರೇದೇ. ಬದನೆಕಾಯಿ ಬದನೆಕಾಯಿಯೇ, ಮಸಾಲೆ ಮಸಾಲೆಯೇ. ಆದರೆ ಫೋಟೋದಲ್ಲಿ ಕಾಣುವ ಆ ಒಂದು ತಾಟನ್ನು ನೀವು ತಿನ್ನಲಾರಿರಿ. ಅದರಲ್ಲಿ ವಿಷ ಇರುತ್ತದೆ ಅಂತಲ್ಲ. ಬಹಳ ಸಲ ಅದು ಬೆಂದಿರುವುದೇ ಇಲ್ಲ.

ಎಣ್ಣೆಗಾಯಿಯನ್ನೇ ತಗೊಳ್ಳೋಣ. ಮನೆಯಲ್ಲಿ ನೀವು ಎಳೆಯ ಗುಂಡು ಬದನೆಕಾಯಿ ಆರಿಸಿ, ತೊಟ್ಟು ಉಳಿಸಿ ನಾಲ್ಕು ಸೀಳು ಹಾಕಿ, ಶೇಂಗಾ, ಎಳ್ಳು, ಗುರೆಳ್ಳು, ಒಣಕೊಬ್ಬರಿ, ಹುಣಸೆ, ಬೆಲ್ಲದ ಮಸಾಲೆ ತುಂಬಿ, ಸಣ್ಣ ಉರಿಯಲ್ಲಿ ಮುಚ್ಚಿ ಬೇಯಿಸುತ್ತೀರಿ. ಒಳಗಿನ ತನಕ ಮೆತ್ತಗಾಗಿ, ಮಸಾಲೆ ಹೀರಿಕೊಂಡು, ಎಣ್ಣೆ ಬಿಟ್ಟಾಗಲೇ ಅದಕ್ಕೆ ರುಚಿ. ಅಷ್ಟು ಹೊತ್ತಿಗೆ ಸಿಪ್ಪೆಯ ನೇರಳೆ ಹೋಗಿ ಮಣ್ಣಿನ ಬಣ್ಣ ಬಂದಿರುತ್ತದೆ. ಬದನೆಯ ಆ ನೇರಳೆ ನೀರಿನಲ್ಲಿ ಕರಗುವ ಬಣ್ಣ. ನೀರಿನಲ್ಲಿ ನಿಧಾನಕ್ಕೆ ಬೆಂದಷ್ಟೂ ಸಿಪ್ಪೆ ಬಿಟ್ಟು ರಸಕ್ಕೆ ಇಳಿಯುತ್ತದೆ, ಶಾಖಕ್ಕೆ ಕೆಡುತ್ತದೆ. ನಿಮ್ಮ ಎಣ್ಣೆಗಾಯಿ ಕಪ್ಪಾಗಿ ಕಂಡರೆ ಅದು ನಿಮ್ಮ ಕೈಯ ತಪ್ಪಲ್ಲ. ಚೆನ್ನಾಗಿ ಬೆಂದ ಎಣ್ಣೆಗಾಯಿಯ ಬಣ್ಣವೇ ಅದು.

ಕ್ಯಾಮೆರಾ ಮುಂದೆ ನಾನು ಮಾಡುವುದು ಬೇರೆ. ಸೀಳಿದ ಕಾಯಿಯನ್ನು ಉಪ್ಪುನೀರಿನಲ್ಲಿ ಮುಳುಗಿಸಿಡುತ್ತೇನೆ, ಇಲ್ಲದಿದ್ದರೆ ಕೊಯ್ದ ಜಾಗ ನೋಡನೋಡುತ್ತಲೇ ಕಂದುತ್ತದೆ. ಆಮೇಲೆ ತೇವ ಪೂರ್ತಿ ಒರೆಸಿ, ಚೆನ್ನಾಗಿ ಕಾದ ಎಣ್ಣೆಗೆ ಬಿಟ್ಟು, ಒಂದು ನಿಮಿಷದೊಳಗೆ ಎತ್ತುತ್ತೇನೆ. ಬಿಸಿ ಎಣ್ಣೆಯಲ್ಲಿ ಸಿಪ್ಪೆ ಬೇಗ ಬಿಗಿಯುತ್ತದೆ, ನೇರಳೆ ಉಳಿಯುತ್ತದೆ, ಮೈಮೇಲೆ ಹೊಳಪು ಕೂರುತ್ತದೆ. ಒಳಗೆ ಮಾತ್ರ ಹಸಿ. ಮಸಾಲೆಯನ್ನು ಬೇರೆ ಬಾಣಲೆಯಲ್ಲಿ ಗಟ್ಟಿಯಾಗಿ ಹುರಿದುಕೊಂಡು, ಚಮಚದ ಹಿಂಭಾಗದಿಂದ ಸೀಳಿನೊಳಗೆ ಒತ್ತುತ್ತೇನೆ. ಒಂದೆರಡು ಎಳ್ಳನ್ನು ಚಿಮಟದಿಂದ ಎತ್ತಿ ಬೆಳಕು ಬೀಳುವ ಕಡೆ ಕೂರಿಸುತ್ತೇನೆ. ರಸ ತಾಟಿನ ಅಂಚಿಗೆ ಹರಿಯದಂತೆ ಕಾಯಿಯ ಕೆಳಗೆ ಬೇಯಿಸಿದ ಆಲೂಗಡ್ಡೆಯ ಬಿಲ್ಲೆ ಇಟ್ಟು ಎತ್ತರಿಸುತ್ತೇನೆ. ಒಂದು ಬುಟ್ಟಿ ಕಾಯಿ ತಂದರೆ ಕ್ಯಾಮೆರಾ ಮುಂದೆ ನಿಲ್ಲುವ ಯೋಗ್ಯತೆ ಇರುವುದು ಐದೋ ಆರೋ. ತೊಟ್ಟು ಹಸಿರಾಗಿರಬೇಕು, ಮುಳ್ಳು ಮುರಿದಿರಬಾರದು, ಎಲ್ಲ ಒಂದೇ ಗಾತ್ರದವಿರಬೇಕು. ಅದಕ್ಕೇ ದುರ್ಗದಬೈಲಿನ ಸಂತೆಗೆ ಬೆಳಗ್ಗೆ ನಾನೇ ಹೋಗುತ್ತೇನೆ, ಆ ಕೆಲಸವನ್ನು ಇನ್ನೊಬ್ಬರಿಗೆ ಬಿಡುವುದಿಲ್ಲ. ಕಾಯಿ ಮಾರುವ ಅಕ್ಕನಿಗೆ ಈಗ ರೂಢಿಯಾಗಿದೆ. "ಫೋಟೋಕ್ಕ ಬೇಕನ್ರಿ, ಊಟಕ್ಕ ಬೇಕನ್ರಿ?" ಅಂತ ಕೇಳಿಯೇ ಚೀಲ ಬಿಚ್ಚುತ್ತಾಳೆ.

ಇನ್ನು ಬಣ್ಣ ಹಚ್ಚುವ ಮಾತು. ಎಣ್ಣೆಗಾಯಿಯ ಸುತ್ತ ಕಾಣುವ ಆ ಕೆಂಪು ಎಣ್ಣೆಗೆ ಡಬ್ಬಿಯ ಬಣ್ಣ ಬೇಕಿಲ್ಲ, ಹಾವೇರಿ ಜಿಲ್ಲೆಯಲ್ಲಿ ಬ್ಯಾಡಗಿ ಇರುವಾಗ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಮೆಣಸಿನಕಾಯಿಯ ದೊಡ್ಡ ಗುಣವೇ ಬಣ್ಣ. ಖಾರ ಕಡಿಮೆ, ಕೆಂಪು ಹೆಚ್ಚು, ಮೈತುಂಬ ಸುಕ್ಕು. ಡಬ್ಬಿ, ಕಡ್ಡಿ ಎಂಬ ಎರಡು ಬಗೆಯಲ್ಲಿ ನಾನು ಹುಡುಕುವುದು ಗಿಡ್ಡಗೆ ದಪ್ಪಗಿರುವ ಡಬ್ಬಿಯನ್ನು. ಬದನೆಯ ಬಣ್ಣ ನೀರಿಗೆ ಇಳಿದರೆ, ಮೆಣಸಿನಕಾಯಿಯ ಬಣ್ಣ ಎಣ್ಣೆಗೆ ಮಾತ್ರ ಇಳಿಯುತ್ತದೆ. ಎಣ್ಣೆ ಕಾಯಿಸಿ, ಒಲೆ ಆರಿಸಿ, ಬೆರಳು ತಾಳುವಷ್ಟು ಬಿಸಿ ಉಳಿದಾಗ ಪುಡಿ ಕಲಸಿ ಅರ್ಧ ತಾಸು ಬಿಟ್ಟು ಬಟ್ಟೆಯಲ್ಲಿ ಸೋಸಿದರೆ ದಾಸವಾಳದಂಥ ಎಣ್ಣೆ ಸಿಗುತ್ತದೆ. ಎಣ್ಣೆ ಹೆಚ್ಚು ಕಾದಿದ್ದರೆ ಪುಡಿ ಸೀದು ಎಲ್ಲ ಕಂದು. ಈ ಎಣ್ಣೆಯನ್ನು ಸೂಜಿ ತೆಗೆದ ಸಿರಿಂಜಿನಲ್ಲಿ ತುಂಬಿಟ್ಟುಕೊಂಡು, ಫೋಟೋಗ್ರಾಫರ್ "ರೆಡಿ" ಅಂದ ಮೇಲೆ ನಾಲ್ಕೇ ಹನಿ ಬಿಡುತ್ತೇನೆ.

ಮೇಲೆ ಬಿಡುವ ಹನಿಯನ್ನು ಕೊನೆಯ ಗಳಿಗೆಗೇ ಬಿಡಬೇಕು, ಏಕೆಂದರೆ ಊಟಕ್ಕೆ ಆಯುಷ್ಯ ಕಡಿಮೆ. ಪ್ರತಿಯೊಂದು ಪದಾರ್ಥವೂ ಒಲೆಯಿಂದ ಇಳಿದ ಕ್ಷಣದಿಂದ ಹೇಗೆ ಸೊರಗುತ್ತದೆ, ಎಷ್ಟು ನಿಮಿಷದಲ್ಲಿ ಸೊರಗುತ್ತದೆ ಅನ್ನುವುದೇ ಈ ಕಸುಬಿನ ಅರ್ಧ ವಿದ್ಯೆ. ಮಿರ್ಚಿ ಭಜಿ ಹತ್ತು ನಿಮಿಷಕ್ಕೆ ಮೆತ್ತಗಾಗಿ ಎಣ್ಣೆ ಉಗುಳುತ್ತದೆ. ಗಿರ್ಮಿಟ್ ಕಲಸಿದ ಮರುಕ್ಷಣವೇ ಚುರುಮುರಿ ಗೊಜ್ಜು ಕುಡಿದು ಮುದ್ದೆಯಾಗುತ್ತದೆ. ಮೊಸರು ನೀರು ಬಿಡುತ್ತದೆ. ಕೊತ್ತಂಬರಿ ದೀಪದ ಶಾಖಕ್ಕೆ ತಲೆ ಬಾಗಿಸುತ್ತದೆ. ಹಾಗಾಗಿ ಎಲ್ಲದಕ್ಕೂ ಎರಡು ತಾಟು ಮಾಡುತ್ತೇವೆ. ಮೊದಲನೆಯದು ಬೆಳಕು, ಕೋನ ಹೊಂದಿಸಿಕೊಳ್ಳಲು. ಅದು ಗಂಟೆಗಟ್ಟಲೆ ದೀಪದ ಕೆಳಗೆ ಕೂತು ಒಣಗುತ್ತದೆ. ಎರಡನೆಯದನ್ನು ಹೀರೋ ಅನ್ನುತ್ತೇವೆ. ಎಲ್ಲ ಹೊಂದಿಕೆಯಾದ ಮೇಲೆ ಹೀರೋ ಬಂದು ಕೂತು, ಕೆಲವೇ ನಿಮಿಷದಲ್ಲಿ ಕೆಲಸ ಮುಗಿಸುತ್ತದೆ.

ನನಗೆ ಇವತ್ತಿಗೂ ಎಲ್ಲಕ್ಕಿಂತ ಕಷ್ಟ ಕೊಡುವುದು ಜೋಳದ ರೊಟ್ಟಿ. ಬಿಸಿ ನೀರಿನಲ್ಲಿ ನಾದಿದ ಹಿಟ್ಟನ್ನು ಬಡಿದು ಹಂಚಿಗೆ ಹಾಕಿ, ಮೇಲೆ ಒದ್ದೆ ಅರಿವೆ ಒತ್ತಿ ಒಣಹಿಟ್ಟು ಅಳಿಸಿ, ತಿರುವಿ ಹಾಕಿದಾಗ ಒಳಗಿನ ನೀರು ಆವಿಯಾಗಿ ಎರಡು ಪದರ ಬಿಟ್ಟು ಪುಗ್ಗೆಯ ಹಾಗೆ ಉಬ್ಬುತ್ತದೆ. ಆ ಉಬ್ಬನ್ನೇ ಗಿರಾಕಿಗಳು ಕೇಳುವುದು. ಆದರೆ ಹಂಚಿನಿಂದ ತಾಟಿಗೆ ಬರುವಷ್ಟರಲ್ಲಿ ಆವಿ ಹೋಗಿ ರೊಟ್ಟಿ ಕೂತುಬಿಡುತ್ತದೆ. ಒಳಗೆ ಹತ್ತಿ ತುಂಬಿ ನೋಡಿದ್ದೇನೆ, ಉಬ್ಬು ಸುಳ್ಳು ಅಂತ ಕಣ್ಣಿಗೆ ತಕ್ಷಣ ಗೊತ್ತಾಗುತ್ತದೆ. ಕೊನೆಗೆ ದಾರಿ ತೋರಿಸಿದ್ದು ನಮ್ಮ ಕೆಲಸಕ್ಕೆ ಬರುವ, ಖಾನಾವಳಿಯಲ್ಲಿ ರೊಟ್ಟಿ ಬಡಿದು ಕೈ ಪಳಗಿದ ಅಮ್ಮ. ನಾಲ್ಕು ಸಲ ಉಬ್ಬಿ ಕೂತಿದ್ದನ್ನು ನೋಡಿ, "ಯವ್ವಾ, ರೊಟ್ಟಿನ ಕ್ಯಾಮೆರಾಕ್ಕ ಯಾಕ ಒಯ್ತಿ? ಕ್ಯಾಮೆರಾನ ಹಂಚಿಗೆ ತಾ" ಅಂದರು. ಒಲೆಯನ್ನೇ ಸೆಟ್ಟಿನೊಳಗೆ ತಂದೆವು. ಅವತ್ತಿನಿಂದ ಉಬ್ಬಿದ ರೊಟ್ಟಿಯ ಫೋಟೋ ಹಂಚಿನ ಮೇಲೆಯೇ ತೆಗೆಯುತ್ತೇವೆ. ತಾಟಿನಲ್ಲಿ ಇಡುವುದು ಕೂತ ರೊಟ್ಟಿ, ಅದನ್ನು ನಾಲ್ಕು ಮಡಿಕೆ ಮಾಡಿ, ನಡುವೆ ರಟ್ಟಿನ ಸಣ್ಣ ತುಂಡು ಇಟ್ಟು ಪದರು ಬಿಡಿಸುತ್ತೇನೆ.

ನಮ್ಮ ಕಡೆಯ ಊಟಕ್ಕೆ ಇನ್ನೊಂದು ಸಮಸ್ಯೆ ಇದೆ ಅಂತ ಹೊರಗಿನಿಂದ ಬಂದ ಫೋಟೋಗ್ರಾಫರ್‌ಗಳು ಹೇಳುತ್ತಾರೆ. ರೊಟ್ಟಿ ಬೂದು, ಝುಣಕ ಮಂಕು ಹಳದಿ, ಕಾಳುಪಲ್ಯ ಕಂದು, ಶೇಂಗಾ ಚಟ್ನಿ ಅದಕ್ಕಿಂತ ಕಂದು; ಇದಕ್ಕೆ ಪಾರ್ಸ್ಲಿ ಹಾಕೋಣ, ಚೆರ್ರಿ ಟೊಮ್ಯಾಟೊ ಹಾಕೋಣ ಅನ್ನುತ್ತಾರೆ. ಈ ಮಾತಿಗೆ ನಾನು ಒಪ್ಪುವುದಿಲ್ಲ. ನಮ್ಮ ತಾಟು ಬಣ್ಣವನ್ನು ತನ್ನೊಳಗೇ ಇಟ್ಟುಕೊಂಡಿದೆ. ಹಸಿ ಹಕ್ಕರಕಿ, ಮೆಂತ್ಯೆ ಸೊಪ್ಪು, ಉಳ್ಳಾಗಡ್ಡಿ ತಪ್ಪಲು, ಬಿಳಿ ಮೂಲಂಗಿ, ಸೌತೆಕಾಯಿ ಹೋಳು, ಮೇಲೆ ಒಂದು ಬೊಟ್ಟು ರಂಜಕ ಅನ್ನುವ ಕೆಂಪು ಮೆಣಸಿನಕಾಯಿ ಚಟ್ನಿ, ಅದರ ನಡುವೆ ಬೆಣ್ಣೆ. ಇಷ್ಟು ಬಡಿಸಿದರೆ ಸಾಕು. ಸೊಪ್ಪನ್ನು ಮಂಜುಗಡ್ಡೆಯ ನೀರಿನಲ್ಲಿ ಹದಿನೈದು ನಿಮಿಷ ಇಟ್ಟು ತೆಗೆದರೆ ಆಗಷ್ಟೇ ಹೊಲದಿಂದ ಕಿತ್ತಂತೆ ಸೆಟೆದು ನಿಲ್ಲುತ್ತದೆ. ಜೋಳದ ರೊಟ್ಟಿಯ ಪಕ್ಕ ಪಾರ್ಸ್ಲಿ ಇಟ್ಟ ಫೋಟೋ ನೋಡಿದರೆ ನಮ್ಮ ಅವ್ವನಂಥವರು ಇದು ಯಾವ ಊರಿನ ಊಟ ಅಂತ ಕೇಳುತ್ತಾರೆ, ಅದು ನ್ಯಾಯವಾದ ಪ್ರಶ್ನೆ.

ಹಾಗಾದರೆ ಹಾಲಿನ ಬದಲು ಫೆವಿಕಾಲ್, ಐಸ್‌ಕ್ರೀಮ್ ಬದಲು ಆಲೂಗಡ್ಡೆ ಅಂತ ವಿಡಿಯೋಗಳಲ್ಲಿ ತೋರಿಸುವುದೆಲ್ಲ ಸುಳ್ಳೇ? ಸುಳ್ಳಲ್ಲ. ಬಿಳಿ ಅಂಟಿನಲ್ಲಿ ಕಾರ್ನ್‌ಫ್ಲೇಕ್ಸ್ ಮುಳುಗುವುದಿಲ್ಲ, ಹಿಸುಕಿದ ಆಲೂಗಡ್ಡೆ ದೀಪಕ್ಕೆ ಕರಗುವುದಿಲ್ಲ. ನನ್ನ ಪೆಟ್ಟಿಗೆಯಲ್ಲೂ ಗ್ಲಿಸರಿನ್ ಇದೆ. ನೀರಿಗೆ ಸಮ ಬೆರೆಸಿ ಲೋಟದ ಹೊರಮೈಗೆ ಸಿಂಪಡಿಸಿದರೆ ತಂಪು ಹನಿ ತಾಸುಗಟ್ಟಲೆ ಆರದೆ ನಿಲ್ಲುತ್ತದೆ. ಗಾಜಿನಂತೆ ಕಾಣುವ ಪ್ಲಾಸ್ಟಿಕ್ ಐಸ್ ತುಂಡುಗಳೂ ಇವೆ. ಚಹಾದಿಂದ ಏಳುವ ಹಬೆ ಎಷ್ಟೋ ಸಲ ಕಪ್ಪಿನ ಹಿಂದೆ ಬಚ್ಚಿಟ್ಟ, ಕುದಿಯುವ ನೀರಲ್ಲಿ ಅದ್ದಿದ ಹತ್ತಿಯದ್ದು.

ಆದರೆ ಒಂದು ಗೆರೆ ಇದೆ, ನಾನು ಅದನ್ನು ದಾಟುವುದಿಲ್ಲ. ಯಾವುದನ್ನು ಮಾರುತ್ತಿದ್ದೇವೋ ಅದು ಖರೇದೇ ಇರಬೇಕು. ಗುಲಾಬ್ ಜಾಮೂನಿನ ಜಾಹೀರಾತಿನಲ್ಲಿ ಪಕ್ಕಕ್ಕಿರುವ ಐಸ್‌ಕ್ರೀಮ್ ಆಲೂಗಡ್ಡೆಯಾದರೆ ನಡೆದೀತು. ಐಸ್‌ಕ್ರೀಮ್ ಮಾರುವವರಿಗೆ ಐಸ್‌ಕ್ರೀಮನ್ನೇ ತೋರಿಸಬೇಕು, ಕರಗಿದರೆ ಮತ್ತೊಂದು ಡಬ್ಬಿ ತೆಗೆಯಬೇಕು. ಅಮೆರಿಕದಲ್ಲಿ ಕ್ಯಾಂಪ್‌ಬೆಲ್ ಸೂಪ್ ಕಂಪನಿಯ ಜಾಹೀರಾತಿನಲ್ಲಿ ಬಟ್ಟಲ ತಳಕ್ಕೆ ಗಾಜಿನ ಗೋಲಿ ಹಾಕಿ, ತರಕಾರಿ ಮೇಲೆ ತೇಲುವಂತೆ ಮಾಡಿದ್ದರು. ಸೂಪಿನಲ್ಲಿ ಇರುವುದಕ್ಕಿಂತ ಹೆಚ್ಚು ತರಕಾರಿ ಇದೆ ಅನ್ನುವ ಭಾವನೆ ಹುಟ್ಟಿಸುತ್ತದೆ ಅಂತ ಅಲ್ಲಿನ ವ್ಯಾಪಾರ ಆಯೋಗ ಅದನ್ನು ತಡೆದು 1970ರಲ್ಲಿ ಆದೇಶ ಮಾಡಿತು. ಗೋಲಿ ಬಿಟ್ಟರೆ ಉಳಿದದ್ದೆಲ್ಲ ನಿಜವಾದ ಸೂಪೇ ಇತ್ತು, ಆದರೂ ನೋಡುವವರ ಮನಸ್ಸಿನಲ್ಲಿ ಮೂಡಿದ ಲೆಕ್ಕ ತಪ್ಪಾಗಿತ್ತು. ನಮ್ಮಲ್ಲೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ ರೂಪಾಯಿ ತನಕ, ಮತ್ತೆ ಮಾಡಿದರೆ 50 ಲಕ್ಷದ ತನಕ ದಂಡ ಹಾಕಬಹುದು. ಒಮ್ಮೆ ಒಂದು ತಿಂಡಿ ತಯಾರಕರು, ಪ್ಯಾಕೆಟ್ಟಿನಲ್ಲಿ ಎಣಿಸಿದರೆ ನಾಲ್ಕು ಗೋಡಂಬಿ ಇರುವ ಚೂಡಾಕ್ಕೆ ಫೋಟೋದಲ್ಲಿ ಹಿಡಿ ಗೋಡಂಬಿ ಹಾಕು ಅಂದರು. ನಾನು ಆ ನಾಲ್ಕನ್ನೇ ಮೇಲೆ ಕಾಣುವಂತೆ ಇಡುತ್ತೇನೆ ಅಂದೆ. ಆ ಕೆಲಸ ಕೈತಪ್ಪಿತು.

ಧಾರವಾಡ ಫೇಡೆಗೆ ಮಾತ್ರ ಯಾವ ಉಪಾಯವೂ ಬೇಕಿಲ್ಲ, ತಾಳ್ಮೆಯಷ್ಟೇ ಬೇಕು. ಹಾಲಿನ ಖೋವಾ ಕಂದು ಬರುವ ತನಕ ಹುರಿದು ಮಾಡುವ ಸಿಹಿ ಅದು. ದೀಪವನ್ನು ಎದುರಿನಿಂದ ಬಿಟ್ಟರೆ ಮಣ್ಣಿನ ಹೆಂಟೆ ಇಟ್ಟಂತೆ ಕಾಣುತ್ತದೆ. ಪಕ್ಕದಿಂದ, ತಗ್ಗಿನಿಂದ ಬೆಳಕು ಬಿಟ್ಟರೆ ಮೈಮೇಲಿನ ಸಕ್ಕರೆಯ ಒಂದೊಂದು ಕಣವೂ ಎದ್ದು ಬರುತ್ತದೆ. ಧಾರವಾಡದ ಮಳೆಗಾಲದ ಗಾಳಿಗೆ ಆ ಸಕ್ಕರೆ ಬೆವರಿ ಕಲೆಯಾಗುತ್ತದೆ, ಆಗ ಕುಂಚದಿಂದ ಕೊಡವಿ ಫೋಟೋಕ್ಕೆ ಮುಂಚೆ ಮತ್ತೊಮ್ಮೆ ಉದುರಿಸಬೇಕು. ಒಂದು ಫೇಡೆಯನ್ನು ಒಡೆದಿಡುತ್ತೇನೆ. ಚಾಕು ಹಚ್ಚಬಾರದು, ಕೈಯಿಂದಲೇ ಮುರಿಯಬೇಕು. ಆಗ ಒಳಗಿನ ಮರಳುಮರಳು ಕಾಣುತ್ತದೆ, ತಿಂದವರಿಗೆ ಬಾಯಲ್ಲಿ ನೀರೂರುತ್ತದೆ.

ನಿಮ್ಮ ಮನೆಯ ಎಣ್ಣೆಗಾಯಿ ಫೋಟೋದಲ್ಲಿ ಚಂದ ಕಾಣಬೇಕು ಅಂತಿದ್ದರೆ ಟ್ಯೂಬ್‌ಲೈಟ್ ಆರಿಸಿ, ತಾಟನ್ನು ಕಿಟಕಿಯ ಪಕ್ಕ ತಂದಿಡಿ, ಕಿಟಕಿ ತಾಟಿನ ಹಿಂದೆ ಅಥವಾ ಮಗ್ಗುಲಿಗೆ ಇರಲಿ. ಬಡಿಸುವಾಗ ರಸ ಕಡಿಮೆ ಹಾಕಿ. ಇಷ್ಟರಲ್ಲೇ ಬಹಳ ವ್ಯತ್ಯಾಸ ಕಾಣುತ್ತೀರಿ.

ಕೊನೆಯದಾಗಿ, ಯಾರು ತಿನ್ನುತ್ತಾರೆ ಅನ್ನುವುದು. ಈ ಕಸುಬಿನಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದೇ. ಶುರುವಿನ ದಿನಗಳಲ್ಲಿ ಒಂದು ಸಂಜೆ, ಪೇರಿಸಿಟ್ಟಿದ್ದ ರೊಟ್ಟಿಗಳನ್ನು ನಮ್ಮ ಲೈಟ್ ಹುಡುಗ ಹೊರಗೆ ಕಟ್ಟಿದ್ದ ಎಮ್ಮೆಗೆ ಹಾಕಲು ಒಯ್ದ. ಅವನಿಗೆ ಅನ್ನ ಚೆಲ್ಲಲು ಮನಸ್ಸು ಬರಲಿಲ್ಲ. ರೊಟ್ಟಿ ಜಾರದಿರಲಿ ಅಂತ ನಡುನಡುವೆ ನಾನು ಟೂತ್‌ಪಿಕ್ ಚುಚ್ಚಿದ್ದು ನೆನಪಾಗಿ ಓಡಿಹೋಗಿ ಕಸಿದುಕೊಂಡೆ. ಆಗಲೇ ಒಂದು ರೊಟ್ಟಿ ಎಮ್ಮೆಯ ಬಾಯಿಯ ಹತ್ತಿರ ಇತ್ತು. ತಪ್ಪು ಅವನದಲ್ಲ, ಹೇಳದೇ ಬಿಟ್ಟ ನನ್ನದು. ಅಂದಿನಿಂದ ಕಡ್ಡಿ, ರಟ್ಟು, ಗ್ಲಿಸರಿನ್ ತಾಗಿದ ತಾಟಿಗೆ ಕೆಂಪು ಟೇಪ್ ಅಂಟಿಸುತ್ತೇನೆ. ಅದರಲ್ಲಿರುವುದನ್ನು ಮನುಷ್ಯರಿಗೂ ದನಕ್ಕೂ ಕೊಡುವುದಿಲ್ಲ, ಕಡ್ಡಿ ಎಣಿಸಿ ತೆಗೆದು ಬೇರೆ ಚೀಲಕ್ಕೆ ಹಾಕುತ್ತೇವೆ. ಹಸಿ ಉಳಿದ ಬದನೆಕಾಯಿಗಳನ್ನು ಅದೇ ದಿನ ಬೇಯಿಸುತ್ತೇವೆ.

ಫೋಟೋದ ಒಲೆಯ ಪಕ್ಕ ಇನ್ನೊಂದು ಒಲೆ ಬೆಳಗ್ಗೆಯಿಂದ ಉರಿಯುತ್ತಿರುತ್ತದೆ. ಕ್ಯಾಮೆರಾಕ್ಕೆ ಸಲ್ಲದ ವಾರೆಕೋರೆ ಕಾಯಿಗಳೆಲ್ಲ ಅಲ್ಲಿಗೆ ಹೋಗುತ್ತವೆ. ರೊಟ್ಟಿ ಬಡಿಯುವ ಅಮ್ಮ ಅದಕ್ಕೆ ಮಸಾಲೆ ತುಂಬಿ, ಮುಚ್ಚಿ, ನಮ್ಮ ಯಾರ ಮಾತನ್ನೂ ಕೇಳದೆ ತಮ್ಮ ಪಾಡಿಗೆ ಬೇಯಿಸುತ್ತಾರೆ. ಮಧ್ಯಾಹ್ನ ಎರಡರ ಹೊತ್ತಿಗೆ ಕಾಯಿ ಕಪ್ಪಾಗಿ ಮುದುಡಿ, ತೊಟ್ಟು ಹಿಡಿದರೆ ಬಿಚ್ಚಿಕೊಳ್ಳುವಷ್ಟು ಮೆತ್ತಗಾಗಿರುತ್ತದೆ. ದೀಪ ಆರಿಸಿ ಎಲ್ಲರೂ ನೆಲದ ಮೇಲೆ ಸುತ್ತ ಕೂಡುತ್ತೇವೆ. ಹಂಚಿನಿಂದ ನೇರ ಕೈಗೆ ರೊಟ್ಟಿ ಬರುತ್ತದೆ. ಅದನ್ನು ಈವರೆಗೆ ನಾವು ಯಾರೂ ಫೋಟೋ ತೆಗೆದಿಲ್ಲ.