ಸ್ವಿಂಗ್ ಅಂದರೆ ಏನು? ಹಳೆಯ ಸ್ಯಾಂಪ್ಲರ್‌ನ ಶೇಕಡಾ ಲೆಕ್ಕ

ಹಳೆಯ ಸ್ಯಾಂಪ್ಲರ್‌ಗಳ (ಸದ್ದನ್ನು ರೆಕಾರ್ಡ್ ಮಾಡಿಕೊಂಡು ಬೇಕಾದಾಗ ನುಡಿಸುವ ಮಿಷಿನ್) ಮಾತು ಶುರುವಾದರೆ ಸಾಕು, 'ಸ್ವಿಂಗ್' ಅನ್ನೋ ಪದ ಬಂದೇ ಬರುತ್ತದೆ. 'ಆ ಮಿಷಿನ್ನಿನ ಸ್ವಿಂಗೇ ಬೇರೆ ಕಣ್ರೀ' ಅಂತಾರೆ. ಹೊಸಬರಿಗೆ ಇದರ ಹಿಂದೆ ಏನೋ ಗುಟ್ಟಿದೆ ಅನ್ನಿಸಿಬಿಡುತ್ತದೆ. ಗುಟ್ಟೇನೂ ಇಲ್ಲ. ಒಂದು ಸಣ್ಣ ಲೆಕ್ಕ ಇದೆ, ಅದು ತುಂಬಾ ಚೆಂದದ ಲೆಕ್ಕ.

ಜೋಡಿಯಾಗಿ ಬರುವ ಎರಡು ಪೆಟ್ಟುಗಳಲ್ಲಿ ಎರಡನೆಯದನ್ನು ಮಾತ್ರ ಒಂಚೂರು ತಡ ಮಾಡುವುದೇ ಸ್ವಿಂಗ್. ಜಾಜ್‌ನವರ ಬಾಯಲ್ಲಿದ್ದ ಪದ ಇದು, ಅಲ್ಲಿಂದ ಡ್ರಮ್ ಮಿಷಿನ್‌ಗೆ ಬಂತು. ಪದದ ಅರ್ಥ ತೂಗುವುದು. ಆದರೆ ಇಲ್ಲಿ ತೂಗು ಸಮ ಇರುವುದಿಲ್ಲ. ಒಂದು ಕಡೆ ಉದ್ದ, ಇನ್ನೊಂದು ಕಡೆ ಗಿಡ್ಡ.

ನಾಲ್ಕು ಬೀಟ್‌ನ ಒಂದು ಸುತ್ತು ತೆಗೆದುಕೊಳ್ಳಿ. ಪ್ರತಿ ಬೀಟನ್ನು ನಾಲ್ಕು ಭಾಗ ಮಾಡಿದರೆ 16 ಮನೆ. 1 ಮತ್ತು 2 ಒಂದು ಜೋಡಿ, 3 ಮತ್ತು 4 ಇನ್ನೊಂದು, ಹೀಗೆ ಕೊನೆವರೆಗೆ. ಬೆಸ ಮನೆಗಳು ಇದ್ದಲ್ಲೇ ಇರುತ್ತವೆ. 2, 4, 6 ಅಂತ ಬರುವ ಸಮ ಮನೆಗಳು ಮಾತ್ರ ತಡವಾಗಿ ಬರುವಂತೆ ಜರುಗುತ್ತವೆ. ಎಷ್ಟು ಜರುಗಬೇಕು ಅನ್ನುವುದನ್ನು ಮಿಷಿನ್ ಶೇಕಡಾದಲ್ಲಿ ಕೇಳುತ್ತದೆ. ಜೋಡಿಗೆ ಸಿಗುವ ಒಟ್ಟು ಸಮಯದಲ್ಲಿ ಮೊದಲ ಪೆಟ್ಟಿಗೆ ಎಷ್ಟು ಪಾಲು ಅನ್ನುವುದೇ ಆ ಸಂಖ್ಯೆ. 50 ಅಂದರೆ ಸಮಪಾಲು, ಅಂದರೆ ಸ್ವಿಂಗ್ ಇಲ್ಲ. 66 ಅಂದರೆ ಮೊದಲನೆಯದಕ್ಕೆ ಎರಡು ಪಾಲು, ಎರಡನೆಯದಕ್ಕೆ ಒಂದು. ಬಾಯಲ್ಲಿ 'ತಕಿಟ ತಕಿಟ' ಹೇಳಿಕೊಂಡು 'ಕಿ'ಯನ್ನು ನುಂಗಿ ನೋಡಿ: 'ತ‌-ಟ, ತ‌-ಟ'. ಅದೇ 66. ಅಕಾಯ್ ಕಂಪನಿಯ ಎಂಪಿಸಿ ಅನ್ನುವ ಸ್ಯಾಂಪ್ಲರಿನಲ್ಲಿ ಇದು 75ರವರೆಗೆ ಹೋಗುತ್ತದೆ.

ಈ ಲೆಕ್ಕವನ್ನು ಇಷ್ಟು ಹೆಸರುವಾಸಿ ಮಾಡಿದವರು ಅಮೆರಿಕದ ವಾದ್ಯ ವಿನ್ಯಾಸಕ ರೋಜರ್ ಲಿನ್. 1980ರಲ್ಲಿ ಬಂದ ಅವರ ಎಲ್‌ಎಂ-1 ನಿಜವಾದ ಡ್ರಮ್‌ಗಳ ಸ್ಯಾಂಪಲ್ ಬಳಸಿದ ಮೊದಲ ಡ್ರಮ್ ಮಿಷಿನ್. ತಪ್ಪಿದ ಪೆಟ್ಟನ್ನು ಸರಿಯಾದ ಮನೆಗೆ ಕೂರಿಸುವ ಕೆಲಸವೂ, ಸ್ವಿಂಗ್ ಕೂಡ ಅದರಲ್ಲೇ ಇದ್ದವು. 1988ರಲ್ಲಿ ಅವರು ಅಕಾಯ್ ಕಂಪನಿಗಾಗಿ ಎಂಪಿಸಿ60 ರೂಪಿಸಿದರು. ನಾಲ್ಕು ಸಾಲಿನಲ್ಲಿ ಬೆರಳಲ್ಲಿ ಬಾರಿಸುವ 16 ಪ್ಯಾಡ್, 12 ಬಿಟ್ ಸ್ಯಾಂಪ್ಲಿಂಗ್, ಫ್ಲಾಪಿ ಡ್ರೈವ್.

ಎಂಪಿಸಿ60 ಒಂದು ಬೀಟನ್ನು 96 ಟಿಕ್ ಆಗಿ ಕತ್ತರಿಸುತ್ತದೆ. ನಮ್ಮ ಜೋಡಿ ಅರ್ಧ ಬೀಟ್, ಅಂದರೆ 48 ಟಿಕ್. 50ರಲ್ಲಿ ಅದು 24 ಮತ್ತು 24. 54ರಲ್ಲಿ 26 ಮತ್ತು 22. 58ರಲ್ಲಿ 28 ಮತ್ತು 20. 62ರಲ್ಲಿ 30 ಮತ್ತು 18. 66ರಲ್ಲಿ 32 ಮತ್ತು 16. ಬೀಟ್ ಮಾಡುವವರು 54, 58, 62 ಅಂತ ವಿಚಿತ್ರ ಸಂಖ್ಯೆಗಳನ್ನು ಯಾಕೆ ಹೇಳುತ್ತಾರೆ ಅಂತ ಈಗ ಗೊತ್ತಾಯ್ತಲ್ವಾ? 90 ಬಿಪಿಎಂ (ನಿಮಿಷಕ್ಕೆ 90 ಬೀಟ್) ವೇಗದಲ್ಲಿ ಒಂದು ಟಿಕ್ ಸುಮಾರು 7 ಮಿಲಿಸೆಕೆಂಡ್. ಹಾಗಾದರೆ 54 ಅನ್ನುವುದು ಬರೀ 14 ಮಿಲಿಸೆಕೆಂಡ್ ತಡ. ಇಷ್ಟು ಚಿಕ್ಕ ತಡಕ್ಕೂ ದೇಹ ಸ್ಪಂದಿಸುತ್ತದೆ ಅನ್ನುವುದು ನನಗೆ ಇವತ್ತಿಗೂ ಸೋಜಿಗ.

ಕೈಯಿಂದಲೇ ಮಾಡಿ ನೋಡೋಣ. ಟೈಮಿಂಗ್ ಕರೆಕ್ಟನ್ನು (ಪೆಟ್ಟನ್ನು ಸರಿಯಾದ ಮನೆಗೆ ಕೂರಿಸುವ ಸೆಟ್ಟಿಂಗ್) ಹದಿನಾರನೇ ನೋಟಿಗೆ, ಅಂದರೆ ನಮ್ಮ 16 ಮನೆಗೆ ಇಡಿ. ಕಿಕ್ (ಕಾಲಲ್ಲಿ ಬಾರಿಸುವ ದೊಡ್ಡ ಡ್ರಮ್) 1, 8 ಮತ್ತು 11ನೇ ಮನೆಯಲ್ಲಿ. ಸ್ನೇರ್ (ಚಟಾರ್ ಅನ್ನುವ ಡ್ರಮ್) 5 ಮತ್ತು 13ರಲ್ಲಿ. ನೋಟ್ ರಿಪೀಟ್ ಬಟನ್ ಒತ್ತಿ ಹಿಡಿದು, ಹೈ-ಹ್ಯಾಟ್ (ಜೋಡಿ ತಾಳ) ಪ್ಯಾಡಿನ ಮೇಲೆ ಬೆರಳಿಡಿ. ಹ್ಯಾಟ್ ತಾನಾಗಿಯೇ ಓಡುತ್ತದೆ. ಬೆರಳು ಒತ್ತಿದರೆ ಸದ್ದು ಜೋರು, ಸಡಿಲಿಸಿದರೆ ಮೆತ್ತಗೆ. 50ರಲ್ಲಿ ಕೇಳಿ: ಹೊಲಿಗೆ ಮಿಷಿನ್ ಓಡಿದ ಹಾಗೆ. 54ಕ್ಕೆ ಇಟ್ಟು ಇನ್ನೊಮ್ಮೆ ರೆಕಾರ್ಡ್ ಮಾಡಿ. ಸ್ವಿಂಗ್ ಇದೆ ಅಂತ ಗೊತ್ತೇ ಆಗುವುದಿಲ್ಲ, ಬಿಗಿ ಮಾತ್ರ ಸಡಿಲಾಗಿರುತ್ತದೆ. 62ಕ್ಕೆ ಬಂದಾಗ 8ನೇ ಮನೆಯ ಕಿಕ್ ಕಡೆ ಗಮನ ಕೊಡಿ. ಅದು ತಡವಾಗಿ ಬಂದು ಮುಂದಿನ ಬೀಟಿಗೆ ಮೈ ತಾಗಿಸುತ್ತದೆ. ತಲೆ ತಾನಾಗಿ ಅಲ್ಲಾಡುವುದು ಅಲ್ಲೇ. 66 ಪೂರ್ತಿ ತಕಿಟ. 70 ದಾಟಿದರೆ ಹೆಚ್ಚಿನ ಬೀಟ್‌ಗಳು ಕುಂಟುತ್ತವೆ ಅನ್ನುವುದು ನನ್ನ ಅಭಿಪ್ರಾಯ. ವೇಗ ಜಾಸ್ತಿಯಾದಂತೆ ಟಿಕ್ ಚಿಕ್ಕದಾಗುತ್ತದೆ. ಹಾಗಾಗಿ 90ರಲ್ಲಿ ಹಿಡಿಸಿದ ಸಂಖ್ಯೆ 140ರಲ್ಲಿ ಹಿಡಿಸಬೇಕು ಅಂತೇನಿಲ್ಲ.

ಒಮ್ಮೆ ನಾನು ಸ್ವಿಂಗನ್ನು 50ರಿಂದ 70ರವರೆಗೆ ಏರಿಸಿ ಮತ್ತೆ ರೆಕಾರ್ಡ್ ಮಾಡಿದರೂ ಬೀಟ್ ಒಂಚೂರೂ ಬದಲಾಗಲಿಲ್ಲ. ಮಿಷಿನ್ ಕೆಟ್ಟಿದೆ ಅಂದುಕೊಂಡು ಒಂದಿಡೀ ಸಂಜೆ ಕಳೆದೆ. ಕಾರಣ ಬೀಟಿನಲ್ಲೇ ಇತ್ತು. ಕಿಕ್ 1 ಮತ್ತು 9, ಸ್ನೇರ್ 5 ಮತ್ತು 13, ಹ್ಯಾಟ್ ಬೆಸ ಮನೆಗಳಲ್ಲಿ ಮಾತ್ರ. ಸಮ ಮನೆಯಲ್ಲಿ ಒಂದು ಪೆಟ್ಟೂ ಇಲ್ಲದಿದ್ದರೆ ಜರುಗಿಸುವುದಕ್ಕೆ ಏನಿದೆ?

ಸ್ವಿಂಗ್ ಜೊತೆ ಸುಮಾರು ಜನ ಕಲಸಿಬಿಡುವ ಸಂಗತಿ ಇನ್ನೊಂದಿದೆ: ಟೈಮಿಂಗ್ ಕರೆಕ್ಟ್ ಆಫ್ ಮಾಡಿ ಬೆರಳಲ್ಲಿ ಬಾರಿಸುವುದು. ಸ್ವಿಂಗ್‌ನಲ್ಲಿ ತಡ ಪ್ರತಿ ಸಲವೂ ಅಷ್ಟಕ್ಕಷ್ಟೇ. ಬೆರಳಲ್ಲಿ ಒಂದು ಪೆಟ್ಟು ಮುಂಚೆ, ಇನ್ನೊಂದು ತಡ, ಮತ್ತೊಂದು ನೇರ. ಹಿಪ್-ಹಾಪ್ ಬೀಟ್ ಮಾಡುತ್ತಿದ್ದ ಜೆ ಡಿಲ್ಲಾ ಹೆಸರಾಗಿರುವುದು ಹೀಗೆ ಮನೆ ಬಿಟ್ಟು ನಿಲ್ಲುವ ಪೆಟ್ಟುಗಳಿಗೆ. ಅವರ ಎಂಪಿಸಿ3000 ಈಗ ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್‌ಗೆ ಸೇರಿದ ಆಫ್ರಿಕನ್ ಅಮೆರಿಕನ್ ಇತಿಹಾಸ ಮ್ಯೂಸಿಯಮ್ಮಿನಲ್ಲಿದೆ. ಅವರ ಬೀಟನ್ನು ಸುಮ್ನೆ 'ಸ್ವಿಂಗ್' ಅಂದರೆ ಅರ್ಧ ಮಾತು ಹೇಳಿದ ಹಾಗೆ. ಇನ್ನು ಮತ್ತೊಂದು ಹಳೆಯ ಸ್ಯಾಂಪ್ಲರ್ ಇ-ಮು ಎಸ್‌ಪಿ-1200ರ ಒರಟು ಸದ್ದು 12 ಬಿಟ್ ಮತ್ತು 26.04 ಕಿಲೋಹರ್ಟ್ಸ್ ಸ್ಯಾಂಪ್ಲಿಂಗ್‌ನಿಂದ ಬರುವಂಥದ್ದು. ಅದಕ್ಕೂ ಸ್ವಿಂಗ್‌ಗೂ ಸಂಬಂಧ ಇಲ್ಲ.

ಸ್ವಿಂಗ್, ಬೆರಳ ಬಾರಿಸುವಿಕೆ ಎರಡನ್ನೂ ಒಂದೇ ಬೀಟಿನಲ್ಲಿ ಸೇರಿಸಬಹುದು. ಎಂಪಿಸಿ60ರಲ್ಲಿ ಪೆಟ್ಟು ರೆಕಾರ್ಡ್ ಆಗುವಾಗಲೇ ಅದರ ಜಾಗ ಸರಿಹೋಗುತ್ತದೆ. ಮೊದಲು ಹ್ಯಾಟನ್ನು 60ರಲ್ಲಿ ರೆಕಾರ್ಡ್ ಮಾಡಿ. ಆಮೇಲೆ ಟೈಮಿಂಗ್ ಕರೆಕ್ಟ್ ಆಫ್ ಮಾಡಿ, ಅದೇ ಸುತ್ತು ತಿರುಗುತ್ತಿರುವಾಗ ಕಿಕ್ ಮಾತ್ರ ಬೆರಳಲ್ಲಿ ಬಾರಿಸಿ. ನನಗೆ ಇಷ್ಟವಾದ ಬೀಟ್‌ಗಳೆಲ್ಲ ಹೀಗೆ ಮಾಡಿದವೇ.