ಕುದುರೆ ಸವಾರ ಎರಡನೇ ಕ್ಲಾಸ್ ಹಿಡಿಯುವ ಮುಂಚೆ

ನಮ್ಮ ಆಟ ನಡೆಯುವುದು ವಿಜಯಪುರದ ಗಾಂಧಿ ಚೌಕದ ಹತ್ತಿರ, ಗೆಳೆಯನೊಬ್ಬನ ಮಾಳಿಗೆ ಕೋಣೆಯಲ್ಲಿ. ಭಾನುವಾರ ಮಧ್ಯಾಹ್ನ, ಐದು ಜನ, ಒಂದು ಡಬ್ಬಿ ಡೈಸ್, ಪೇಪರ್ ಮೇಲೆ ಗಿರಮಿಟ್. ಆಡುವುದು ಡಂಜನ್ಸ್ ಅಂಡ್ ಡ್ರಾಗನ್ಸ್ ಎಂಬ ಪಾತ್ರ ವಹಿಸುವ ಆಟ, 2014ರ ಐದನೇ ಆವೃತ್ತಿ. ಈ ಟಿಪ್ಪಣಿಯೂ ಅದಕ್ಕೇ: ಕುದುರೆ ಸವಾರ ಪಾತ್ರಕ್ಕೆ ಎರಡನೇ ಕ್ಲಾಸ್ (ಪಾತ್ರದ ವೃತ್ತಿ) ಸೇರಿಸುವ ಮುಂಚೆ ಏನು ನೋಡಬೇಕು ಅಂತ. 2024ರ ಪರಿಷ್ಕೃತ ನಿಯಮದಲ್ಲಿ ಲ್ಯಾನ್ಸ್ (ಸವಾರನ ಉದ್ದ ಭರ್ಜಿ), ಸ್ಮೈಟ್ (ಹೊಡೆತಕ್ಕೆ ಸೇರಿಸುವ ದೈವಬಲ), ಕುದುರೆ ಕರೆಯುವ ಮಂತ್ರ ಎಲ್ಲವೂ ಬದಲಾಗಿವೆ. ಹಾಗಾಗಿ ಎರಡನ್ನೂ ಕಲಸಬೇಡಿ.

ನನ್ನ ಪಾತ್ರದ ಕ್ಲಾಸ್ ಫೈಟರ್ (ಯೋಧ), ಉಪವರ್ಗ ಕ್ಯಾವಲಿಯರ್. ಅಂದರೆ ಕುದುರೆ ಸವಾರ. ನಮ್ಮ ಡಿಎಂ (ಆಟ ನಡೆಸುವವನು) ನಕ್ಷೆಗೆ ಊರಿನ ಜಾಗಗಳನ್ನೇ ಬಳಸುತ್ತಾನೆ. ಒಂದು ಸಲ ಉಪ್ಪಲಿ ಬುರುಜ್ ತಂದಿಟ್ಟ. 1584ರ ಸುಮಾರಿಗೆ ಹೈದರ್ ಖಾನ್ ಕಟ್ಟಿಸಿದ ಕಾವಲು ಗೋಪುರ, ಸುಮಾರು 80 ಅಡಿ ಎತ್ತರ. ಮೆಟ್ಟಿಲು ಇರುವುದು ಹೊರಮೈ ಸುತ್ತಿಕೊಂಡು. ಶತ್ರುಗಳು ಮೇಲೆ, ನಾವು ಕೆಳಗೆ. "ನಾ ಕುದುರಿ ಮ್ಯಾಲೇ ಹತ್ತತೀನಿ" ಅಂದೆ.

"ಏ ದೋಸ್ತ, ಆ ಪಾವಟಿಗಿ ಒಮ್ಮೆರ ನೋಡೀಯೇನು? ಕುದುರಿ ಕೆಳಗ ಕಟ್ಟಿ ಬಾ."

ಇಳಿದೆ. ಇಳಿದ ಕೂಡಲೇ ಲ್ಯಾನ್ಸ್‌ಗೆ ಎರಡು ಕೈ ಬೇಕಾಯಿತು, ಯಾಕೆಂದರೆ ಅದನ್ನು ಒಂದು ಕೈಯಲ್ಲಿ ಹಿಡಿಯಬಹುದಾದದ್ದು ಸವಾರಿಯಲ್ಲಿ ಮಾತ್ರ. ಗುರಾಣಿ ಬಿಡಬೇಕಾಯಿತು. ಮೇಲೆ ಶತ್ರು ಎದೆಗೆ ಎದೆ ಕೊಟ್ಟು ನಿಂತ. ಲ್ಯಾನ್ಸ್‌ನಿಂದ 5 ಅಡಿಯೊಳಗಿನವನಿಗೆ ಹೊಡೆದರೆ ಡಿಸ್‌ಅಡ್ವಾಂಟೇಜ್. ಅಂದರೆ ಎರಡು ಡಿ20 (20 ಮುಖದ ಡೈಸ್) ಎಸೆದು ಕಡಿಮೆ ಬಿದ್ದದ್ದೇ ಲೆಕ್ಕ; ಅಡ್ವಾಂಟೇಜ್ ಇದ್ದರೆ ಹೆಚ್ಚು ಬಿದ್ದದ್ದು. ಮೂರು ಸುತ್ತು ಸುಮ್ನೆ ಗಾಳಿಗೆ ಚುಚ್ಚಿದೆ. ಮಲ್ಟಿಕ್ಲಾಸ್ ಮಾಡಬೇಕು, ಅಂದರೆ ಎರಡನೇ ಕ್ಲಾಸ್ ಸೇರಿಸಬೇಕು ಅನ್ನಿಸಿದ್ದು ಅವತ್ತು. ಆಮೇಲೆ ಕೂತು ಓದಿದ ಮೇಲೆ ನನಗೆ ಉಳಿದದ್ದು ಎರಡೇ ಪ್ರಶ್ನೆ. ಕುದುರೆ ಇಲ್ಲದಾಗ ನಾನು ಏನು ಮಾಡಬಲ್ಲೆ? ಇದ್ದಾಗ ಅದನ್ನು ಉಳಿಸುವವರು ಯಾರು?

ಮೊದಲು ಕುದುರೆಯ ಲೆಕ್ಕ

ಯುದ್ಧದ ಕುದುರೆಯ ಬೆಲೆ 400 ಚಿನ್ನದ ನಾಣ್ಯ. ಎಚ್‌ಪಿ (ಪ್ರಾಣಬಲದ ಅಂಕ) ಎಷ್ಟು ಗೊತ್ತಾ? 19. ಎಸಿ (ಏಟು ತಾಗಲು ಶತ್ರು ಮುಟ್ಟಬೇಕಾದ ಅಂಕ) 11. ಐದನೇ ಲೆವೆಲ್ಲಿನ ಮಾಂತ್ರಿಕ ಎಸೆಯುವ ಫೈರ್‌ಬಾಲ್ 8ಡಿ6 (ಆರು ಮುಖದ ಎಂಟು ಡೈಸ್), ಸರಾಸರಿ 28. ಕುದುರೆ ಡೆಕ್ಸ್ ಸೇವ್ (ಚುರುಕಿನಿಂದ ತಪ್ಪಿಸಿಕೊಳ್ಳಲು ಎಸೆಯುವ ಡೈಸ್) ತಪ್ಪಿದರೆ ಕಥೆ ಮುಗಿಯಿತು. ಪಾಸಾದರೆ 14 ಹೋಗಿ 5 ಉಳಿಯುತ್ತದೆ.

ಇಲ್ಲಿ ಮೌಂಟೆಡ್ ಕಾಂಬ್ಯಾಟೆಂಟ್ ಎಂಬ ಫೀಟ್ ಬರುತ್ತದೆ. (ಫೀಟ್ ಅಂದರೆ ವಿಶೇಷ ಕೌಶಲ. ದೂರಕ್ಕೆ ನಾನು ಅಡಿ ಅಂತಲೇ ಬರೆಯುತ್ತೇನೆ, ನಮ್ಮ ಗುಂಪಲ್ಲಿ ಇದೇ ಗೊಂದಲಕ್ಕೆ ಅರ್ಧ ಗಂಟೆ ಜಗಳ ಆಗಿದೆ.) ನೀವು ಮೇಲೆ ಕೂತಿರುವಾಗ ಅಂಥ ಸೇವ್‌ನಲ್ಲಿ ಪಾಸಾದ ಕುದುರೆಗೆ ಏಟೇ ಇಲ್ಲ, ತಪ್ಪಿದರೂ ಅರ್ಧ ಮಾತ್ರ. ಅಂದರೆ ಅದೇ ಫೈರ್‌ಬಾಲ್‌ಗೆ ಸರಾಸರಿ ಲೆಕ್ಕದಲ್ಲಿ ಎರಡೂ ಸಲ ಬದುಕುತ್ತದೆ. ಕುದುರೆಗೆ ಬಂದ ಹೊಡೆತವನ್ನು ನಿಮ್ಮ ಮೇಲೆ ತಿರುಗಿಸಿಕೊಳ್ಳಲೂಬಹುದು. ಜೊತೆಗೆ, ಕುದುರೆಗಿಂತ ಚಿಕ್ಕ ಗಾತ್ರದ, ನೆಲದ ಮೇಲಿರುವ ಶತ್ರುವಿಗೆ ಮೆಲೀ (ಎದುರುಬದುರು) ಹೊಡೆತದಲ್ಲಿ ಅಡ್ವಾಂಟೇಜ್. ಡಿ20ಯಲ್ಲಿ 11 ಬೇಕಿದ್ದರೆ ನೂರಕ್ಕೆ 50 ಇದ್ದ ಅವಕಾಶ 75 ಆಗುತ್ತದೆ. ನನ್ನ ಮಾತು ಕೇಳುವುದಾದರೆ ಎರಡನೇ ಕ್ಲಾಸ್ ಯೋಚನೆಗಿಂತ ಮುಂಚೆ ಈ ಫೀಟ್ ತಗೊಳ್ಳಿ.

ಇನ್ನೊಂದು. ನೀವು ನಡೆಸುವ ಕುದುರೆ ನಿಮ್ಮ ಸರದಿಯಲ್ಲೇ ಚಲಿಸುತ್ತದೆ, ಆದರೆ ಅದಕ್ಕೆ ಡ್ಯಾಶ್, ಡಿಸ್‌ಎಂಗೇಜ್, ಡಾಡ್ಜ್ (ಓಡು, ಬಿಡಿಸಿಕೊಂಡು ಹೋಗು, ತಪ್ಪಿಸಿಕೋ) ಮೂರೇ ಆಕ್ಷನ್. ಗೊರಸಿನಿಂದ ಒದೆಸಬೇಕಿದ್ದರೆ ಲಗಾಮು ಬಿಟ್ಟು ಅದರ ಪಾಡಿಗೆ ಬಿಡಬೇಕು. ಆಗ ಅದು ನಿಮ್ಮ ಮಾತು ಕೇಳುತ್ತದೆ ಅನ್ನುವ ಖಾತ್ರಿ ಇಲ್ಲ. ಗೋಳಗುಮ್ಮಟದ ಮುಂದೆ ಟಾಂಗಾ ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕ್ಯಾವಲಿಯರ್‌ನಲ್ಲಿ ಅಡಗಿರುವ ಒಂದು ತೊಡಕು

ಮೂರನೇ ಲೆವೆಲ್ಲಿಗೆ ಅನ್‌ವೇವರಿಂಗ್ ಮಾರ್ಕ್ ಸಿಗುತ್ತದೆ. ಮೆಲೀ ಆಯುಧದಿಂದ ಹೊಡೆದವನಿಗೆ ಗುರುತು ಹಾಕುತ್ತೀರಿ. ಅವನು ನಿಮ್ಮಿಂದ 5 ಅಡಿಯೊಳಗೆ ಇರುವ ತನಕ ಬೇರೆಯವರಿಗೆ ಹೊಡೆದರೆ ಅವನಿಗೆ ಡಿಸ್‌ಅಡ್ವಾಂಟೇಜ್. ಹಾಗೂ ಬೇರೆಯವರಿಗೆ ಏಟು ಬಿತ್ತು ಅನ್ನಿ, ನಿಮ್ಮ ಮುಂದಿನ ಸರದಿಯಲ್ಲಿ ಬೋನಸ್ ಆಕ್ಷನ್ (ಸರದಿಯಲ್ಲಿ ಸಿಗುವ ಹೆಚ್ಚುವರಿ ಕ್ರಿಯೆ) ಆಗಿ ಅಡ್ವಾಂಟೇಜ್ ಜೊತೆ ಒಂದು ಹೊಡೆತ, ಮೇಲೆ ಫೈಟರ್ ಲೆವೆಲ್ಲಿನ ಅರ್ಧದಷ್ಟು ಹೆಚ್ಚಿನ ಡ್ಯಾಮೇಜ್.

ಈಗ ನೋಡಿ. ಮಾರ್ಕ್ ಶತ್ರುವನ್ನು 5 ಅಡಿಯಲ್ಲಿ ಬೇಡುತ್ತದೆ. ಲ್ಯಾನ್ಸ್ 10 ಅಡಿಯಲ್ಲಿ ಬೇಡುತ್ತದೆ. 5 ಅಡಿಯಲ್ಲಿ ಲ್ಯಾನ್ಸ್ ಬೀಸಿದರೆ ಆ ಡಿಸ್‌ಅಡ್ವಾಂಟೇಜ್ ನಿಮ್ಮ ಅಡ್ವಾಂಟೇಜ್‌ನ್ನು ತಿಂದುಹಾಕುತ್ತದೆ. ಅಡ್ವಾಂಟೇಜ್ ಎರಡು ಕಡೆಯಿಂದ ಬಂದಿದ್ದರೂ ಅಷ್ಟೇ, ಉಳಿಯುವುದು ಸಾದಾ ಒಂದು ಡೈಸ್. ನಾನಂತೂ ಇದನ್ನು ಗಮನಿಸಿದ್ದು ನಾಲ್ಕನೇ ಆಟದ ಹೊತ್ತಿಗೆ. ಈಗ ಸೊಂಟಕ್ಕೊಂದು ಕತ್ತಿ ಇರುತ್ತದೆ. ಲ್ಯಾನ್ಸ್ ಕೈಬಿಟ್ಟು ಕತ್ತಿ ಹಿರಿಯುವುದಕ್ಕೆ ಆಕ್ಷನ್ ಖರ್ಚಾಗುವುದಿಲ್ಲ.

ಇನ್ನು ಏಳನೇ ಲೆವೆಲ್ಲಿನ ವಾರ್ಡಿಂಗ್ ಮನೂವರ್. ನಿಮಗೋ ಪಕ್ಕದ 5 ಅಡಿಯಲ್ಲಿರುವ ಜೀವಿಗೋ ಏಟು ಬಿದ್ದಾಗ ರಿಯಾಕ್ಷನ್ (ಬೇರೆಯವರ ನಡೆಗೆ ಆ ಕ್ಷಣದ ಉತ್ತರ) ಆಗಿ ಡಿ8 ಎಸೆದು ಎಸಿಗೆ ಸೇರಿಸುತ್ತೀರಿ. ಆದರೂ ಏಟು ತಾಗಿದರೆ ಡ್ಯಾಮೇಜ್ ಅರ್ಧ. ಆ ಜೀವಿ ನಿಮ್ಮ ಕುದುರೆಯೂ ಆಗಬಹುದು, ಅಲ್ವಾ? 19 ಎಚ್‌ಪಿಯ ಪ್ರಾಣಿಗೆ ಇದು ದೊಡ್ಡ ಮಾತು. ದೀರ್ಘ ವಿಶ್ರಾಂತಿಗೊಮ್ಮೆ ಕಾನ್‌ಸ್ಟಿಟ್ಯೂಷನ್ ಮಾಡಿಫೈಯರ್‌ನಷ್ಟು ಸಲ ಮಾತ್ರ. ಹಾಗಾಗಿ ಕಾನ್ (ದೇಹದ ತಾಳಿಕೆ) ಕಡಿಮೆ ಇಟ್ಟವರಿಗೆ ಅಷ್ಟೇನೂ ಸಿಗುವುದಿಲ್ಲ.

ಪ್ಯಾಲಡಿನ್ ಜೊತೆ

ಪ್ಯಾಲಡಿನ್ ಅಂದರೆ ದೈವಬಲದ ಯೋಧ. ಎಲ್ಲರೂ ಮೊದಲು ಕೇಳುವುದು ಇದನ್ನೇ. ಷರತ್ತು: ಸ್ಟ್ರೆಂತ್ (ಬಲ) 13 ಮತ್ತು ಕರಿಜ್ಮಾ (ವರ್ಚಸ್ಸು) 13, ಎರಡೂ ಬೇಕು. 27 ಅಂಕ ಕೊಟ್ಟು ಪಾತ್ರದ ಗುಣಗಳನ್ನು ಕೊಳ್ಳುವ ಪಾಯಿಂಟ್ ಬೈನಲ್ಲಿ ನಾನು ಹೀಗೆ ಹಂಚಿದೆ. ಸ್ಟ್ರೆಂತ್ 15ಕ್ಕೆ 9 ಅಂಕ, ಕಾನ್ 14ಕ್ಕೆ 7, ಕರಿಜ್ಮಾ 13ಕ್ಕೆ 5, ವಿಸ್ಡಮ್ 12ಕ್ಕೆ 4, ಡೆಕ್ಸ್ 10ಕ್ಕೆ 2, ಇಂಟೆಲಿಜೆನ್ಸ್ 8, ಅದಕ್ಕೆ ಸೊನ್ನೆ. ಸರಿಯಾಗಿ 27. ವೇರಿಯಂಟ್ ಹ್ಯೂಮನ್ (ಮನುಷ್ಯ ಕುಲದ ಒಂದು ಬಗೆ) ಆದರೆ ಸ್ಟ್ರೆಂತ್ 16, ಕರಿಜ್ಮಾ 14 ಆಗಿ, ಮೇಲೆ ಹೇಳಿದ ಫೀಟ್ ಮೊದಲ ಲೆವೆಲ್ಲಿಗೇ ಕೈಗೆ ಬರುತ್ತದೆ.

ಎರಡು ಲೆವೆಲ್ ಪ್ಯಾಲಡಿನ್ ತಗೊಂಡರೆ ಡಿವೈನ್ ಸ್ಮೈಟ್, ಜೊತೆಗೆ ಎರಡು ಮೊದಲ ದರ್ಜೆ ಸ್ಲಾಟ್ (ಮಂತ್ರಶಕ್ತಿಯ ಕಂತು). ಒಂದು ಸ್ಲಾಟ್‌ಗೆ 2ಡಿ8, ಸರಾಸರಿ 9. ಕ್ರಿಟಿಕಲ್ (ಡಿ20ಯಲ್ಲಿ 20) ಬಿದ್ದ ಮೇಲೆ ಸ್ಮೈಟ್ ಹಾಕಿದರೆ ಆ ಡೈಸ್‌ಗಳೂ ದುಪ್ಪಟ್ಟು. ಸವಾರನಿಗೆ ಅಡ್ವಾಂಟೇಜ್ ಜಾಸ್ತಿ ಸಿಗುವುದರಿಂದ ಕ್ರಿಟಿಕಲ್ಲೂ ಜಾಸ್ತಿ. ಮಜಾ ಇರುವುದು ಇಲ್ಲಿ. ಬುರುಜಿನ ಮೇಲೆ ಕಾಲ್ನಡಿಗೆಯಲ್ಲಿ ನಿಂತಾಗಲೂ ಸ್ಮೈಟ್ ಕೆಲಸ ಮಾಡುತ್ತದೆ. ನನ್ನ ಮೊದಲ ಪ್ರಶ್ನೆಗೆ ಇದೇ ಉತ್ತರ.

ಎರಡನೇ ಪ್ರಶ್ನೆಗೆ ಐದು ಲೆವೆಲ್ ಬೇಕು. ಪ್ಯಾಲಡಿನ್ 5ಕ್ಕೆ ಫೈಂಡ್ ಸ್ಟೀಡ್ ಮಂತ್ರ. ಹಾಕಲು 10 ನಿಮಿಷ, ಎರಡನೇ ದರ್ಜೆಯ ಒಂದು ಸ್ಲಾಟ್. ಬರುವ ಕುದುರೆ ಸತ್ತರೆ ಮಾಯವಾಗುತ್ತದೆ, ಮತ್ತೆ ಕರೆದರೆ ಅದೇ ಕುದುರೆ ಪೂರ್ತಿ ಎಚ್‌ಪಿಯೊಂದಿಗೆ ಬರುತ್ತದೆ. ಸವಾರಿಯಲ್ಲಿರುವಾಗ ನಿಮ್ಮೊಬ್ಬರ ಮೇಲೆ ಹಾಕಿಕೊಂಡ ಮಂತ್ರ ಅದಕ್ಕೂ ತಾಗುವಂತೆ ಮಾಡಬಹುದು. ಒಂದು ಕ್ಯೂರ್ ವೂಂಡ್ಸ್, ಇಬ್ಬರಿಗೂ ಮದ್ದು. 400 ನಾಣ್ಯದ ಖರ್ಚೂ ಇಲ್ಲ.

ಆದರೆ ನಷ್ಟ ನೋಡಿ. ಎಕ್ಸ್‌ಟ್ರಾ ಅಟ್ಯಾಕ್ (ಸರದಿಗೆ ಎರಡನೇ ಹೊಡೆತ) ಎರಡೂ ಕ್ಲಾಸಿನಲ್ಲಿ ಐದನೇ ಲೆವೆಲ್ಲಿಗೇ ಬರುತ್ತದೆ, ಮತ್ತು ಅವು ಒಂದರ ಮೇಲೊಂದು ಕೂಡುವುದಿಲ್ಲ. ಫೈಟರ್ 5, ಪ್ಯಾಲಡಿನ್ 5 ಮಾಡಿದವನಿಗೆ ಹತ್ತನೇ ಲೆವೆಲ್ಲಿನಲ್ಲೂ ಎರಡೇ ಹೊಡೆತ, ಒಂದು ಲೆವೆಲ್ ದಂಡ. ವಾರ್ಡಿಂಗ್ ಮನೂವರ್ ಇನ್ನೂ ಎರಡು ಲೆವೆಲ್ ದೂರ.

ತಿರುಗಿಸಿ ಮಾಡಿದರೆ? ಮೊದಲು ಪ್ಯಾಲಡಿನ್ 6, ಆಮೇಲೆ ಫೈಟರ್ 3. ಐದಕ್ಕೇ ಕುದುರೆ, ಆರಕ್ಕೆ ಸುತ್ತಲಿನ 10 ಅಡಿಯವರ ಸೇವ್‌ಗೆ ನಿಮ್ಮ ಕರಿಜ್ಮಾ ಬೋನಸ್, ಕುದುರೆಯೂ ಅದರೊಳಗೇ. ಒಂಬತ್ತಕ್ಕೆ ಮಾರ್ಕ್. ಫೈಟರ್ 3ರ ಅರ್ಧ ಅಂದರೆ ಹೆಚ್ಚಿನ ಡ್ಯಾಮೇಜ್ ಬರೀ 1. ಅದಕ್ಕೆ ಕೊರಗಬೇಡಿ, ಮಾರ್ಕ್‌ನ ಡಿಸ್‌ಅಡ್ವಾಂಟೇಜ್‌ಗೆ ಲೆವೆಲ್ಲಿನ ಹಂಗಿಲ್ಲ. ಹೊಸ ಪಾತ್ರ ಬರೆಯುವವರಿಗೆ ನಾನು ಹೇಳುವುದು ಇದೇ ಕ್ರಮ. ಒಂದು ಕೊರತೆ: ಸೇವ್‌ಗಳು ಮೊದಲ ಕ್ಲಾಸಿನವೇ ಉಳಿಯುತ್ತವೆ, ಹಾಗಾಗಿ ಫೈಟರ್ ಕೊಡುತ್ತಿದ್ದ ಕಾನ್ ಸೇವ್ ಸಿಗುವುದಿಲ್ಲ.

ಉಳಿದವು

ಬಾರ್ಬೇರಿಯನ್: ಭಾರೀ ಕವಚ ತೊಟ್ಟರೆ ಅವನ ರೋಷದ ಶಕ್ತಿಯಾದ ರೇಜ್‌ನ ಲಾಭವಿಲ್ಲ, ಮತ್ತು ರೇಜ್ ನಿಮ್ಮನ್ನು ಕಾಯುತ್ತದೆ, ಕುದುರೆಯನ್ನಲ್ಲ. ರೋಗ್: ಸ್ನೀಕ್ ಅಟ್ಯಾಕ್‌ಗೆ ಫಿನೆಸ್ (ಚುರುಕಿನಿಂದ ಬೀಸುವ) ಆಯುಧವೋ ದೂರದ ಆಯುಧವೋ ಬೇಕು, ಲ್ಯಾನ್ಸ್ ಎರಡೂ ಅಲ್ಲ. ರೇಪಿಯರ್ ಹಿಡಿದರೆ ನಡೆಯುತ್ತದೆ, ಆದರೆ ಆಗ ಅದು ಬೇರೆಯದೇ ಪಾತ್ರ.

ನಮ್ಮ ಗುಂಪಿನಲ್ಲಿ ಬಾಗಲಕೋಟೆ ಕಡೆಯ ಹುಡುಗಿಯೊಬ್ಬಳು ಹಾಫ್ಲಿಂಗ್ (ಕುಳ್ಳ ಕುಲದ) ಸವಾರೆ. ಫೈಂಡ್ ಸ್ಟೀಡ್‌ನಲ್ಲಿ ಮ್ಯಾಸ್ಟಿಫ್ ನಾಯಿಯನ್ನೂ ಕರೆಯಬಹುದು. ಅವಳು ಅದಕ್ಕೆ ಮುಧೋಳ ನಾಯಿಯ ರೂಪ ಕೊಟ್ಟಿದ್ದಾಳೆ, ಉದ್ದ ಮೂತಿ, ಒಳಸೇರಿದ ಹೊಟ್ಟೆ. ಎಚ್‌ಪಿ ಐದೇ. ಮಧ್ಯಮ ಗಾತ್ರವಾದ್ದರಿಂದ ಮನುಷ್ಯ ಶತ್ರುಗಳ ಮೇಲೆ ಫೀಟಿನ ಅಡ್ವಾಂಟೇಜ್ ಕೂಡ ಸಿಗುವುದಿಲ್ಲ. ಆದರೆ ಅವತ್ತು ಉಪ್ಪಲಿ ಬುರುಜಿನ ಮೆಟ್ಟಿಲನ್ನು ಸವಾರಿಯಲ್ಲೇ ಹತ್ತಿದ್ದು ಅವಳೊಬ್ಬಳೇ. ಒಂದೇ ಕೈಯಲ್ಲಿ ಲ್ಯಾನ್ಸ್, ಇನ್ನೊಂದರಲ್ಲಿ ಗುರಾಣಿ.

ನನ್ನ ಪಾತ್ರ ಆಗಲೇ ಫೈಟರ್ 5. ಏಳರ ತನಕ ಅಲ್ಲೇ ಇದ್ದು, ಆಮೇಲೆ ಸ್ಮೈಟ್‌ಗಾಗಿ ಪ್ಯಾಲಡಿನ್ 2 ಅಂತ ಶೀಟಿನ ಅಂಚಿಗೆ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೇನೆ. ಡಿಎಂ ಮುಂದಿನ ವಾರದ ನಕ್ಷೆಯನ್ನು ಆಗಲೇ ತೋರಿಸಿದ್ದಾನೆ. ಗೋಳಗುಮ್ಮಟದ ಮೂಲೆ ಗೋಪುರ, ಏಳು ಅಂತಸ್ತು, ಒಳಗೆಲ್ಲ ಪಾವಟಿಗೆ.