ಲಂಚದ ಕೌಂಟರ್ ಮುಚ್ಚಿದ ಜಾರ್ಜಿಯಾ: ಕತ್ತರಿ ಎಲ್ಲೆಲ್ಲಿ ಆಡಿತು

ರಸ್ತೆ ಬದಿಯಲ್ಲಿ ಪಟ್ಟೆ ಪಟ್ಟೆ ಕೋಲು ಹಿಡಿದು ನಿಂತ ಟ್ರಾಫಿಕ್ ಪೊಲೀಸ್. ಕೋಲು ಮೇಲೆದ್ದರೆ ಗಾಡಿ ನಿಲ್ಲಲೇಬೇಕು. ಏನು ತಪ್ಪು ಮಾಡಿದೆ ಅಂತ ಡ್ರೈವರ್ ಕೇಳುವ ಹಾಗಿಲ್ಲ. ಕೈ ಬಿಸಿ ಮಾಡಿ ಮುಂದೆ ಹೋಗುವುದಷ್ಟೇ. 2003ರವರೆಗೆ ಜಾರ್ಜಿಯಾದಲ್ಲಿ ಇದು ದಿನವೂ ಕಾಣುವ ನೋಟವಾಗಿತ್ತು. (ಅಮೆರಿಕದ ರಾಜ್ಯವಲ್ಲ, ಕಪ್ಪು ಸಮುದ್ರದ ಪಕ್ಕದ ಪುಟ್ಟ ದೇಶ.) ಆ ಪೊಲೀಸನಿಗೂ ಅವನದೇ ಲೆಕ್ಕ ಇತ್ತು. ಸಂಬಳ ಮನೆ ನಡೆಸಲು ಸಾಲದು. ಕೆಲಸ ಹಿಡಿಯಲು ಮೊದಲೇ ದುಡ್ಡು ಸುರಿದಿರುತ್ತಾನೆ. ವಸೂಲಾದದ್ದರಲ್ಲಿ ಮೇಲಿನವರಿಗೂ ಪಾಲು ಹೋಗಬೇಕು.

2004ರಲ್ಲಿ ಹೊಸ ಸರ್ಕಾರ ಇವರನ್ನೆಲ್ಲ ಒಟ್ಟಿಗೆ ಮನೆಗೆ ಕಳಿಸಿತು. ಸುಮಾರು 16,000 ಜನ. ತರಬೇತಿ ಕೊಟ್ಟು ಸರಿಪಡಿಸೋಣ, ತಪ್ಪಿತಸ್ಥರನ್ನು ಹುಡುಕೋಣ ಎನ್ನುವ ಮಾತೇ ಇಲ್ಲ. ಹೊಸಬರು ಬರುವವರೆಗೆ ರಸ್ತೆಗಳಲ್ಲಿ ಟ್ರಾಫಿಕ್ ಪೊಲೀಸರೇ ಇರಲಿಲ್ಲ. ಆದರೂ ಊರು ಮುಳುಗಲಿಲ್ಲ. ಆಮೇಲೆ ಬಂದ ಗಸ್ತು ಪೊಲೀಸರಿಗೆ ಹೊಸ ಕಾರು, ಹೊಸ ಸಮವಸ್ತ್ರ, ಹಿಂದಿನದಕ್ಕಿಂತ ಎಷ್ಟೋ ಪಟ್ಟು ಸಂಬಳ. ಠಾಣೆಗಳಿಗೆ ಗಾಜಿನ ಗೋಡೆ, ಒಳಗೆ ಏನು ನಡೆಯುತ್ತಿದೆ ಎಂದು ಹೊರಗಿನವರಿಗೆ ಕಾಣಲಿ ಅಂತ.

ಹಳೆ ಸೋವಿಯತ್ ದೇಶಗಳ ಆಡಳಿತ ಸುಧಾರಣೆ ಎಂದ ಕೂಡಲೇ ಎಲ್ಲರೂ ಹೇಳುವ ಕತೆ ಇದು. ಇದರ ಹಿಂದಿನದೂ ಮುಂದಿನದೂ ಗೊತ್ತಿರಬೇಕು.

ಸೋವಿಯತ್ ಕಾಲದಲ್ಲಿ ಬದುಕು ನಡೆಯುತ್ತಿದ್ದದ್ದು ಕಾಗದದ ಮೇಲೆ. 'ಸ್ಪ್ರಾವ್ಕಾ' ಎಂಬ ರಷ್ಯನ್ ಪದವೊಂದಿದೆ. ಇಂಥವರು ಇಂಥ ವಿಳಾಸದಲ್ಲಿದ್ದಾರೆ, ಇಂಥಲ್ಲಿ ಕೆಲಸ ಮಾಡುತ್ತಾರೆ ಎಂದು ಬರೆದು ಮೊಹರು ಒತ್ತಿದ ಚೀಟಿ ಅದು. ಒಂದು ಸ್ಪ್ರಾವ್ಕಾ ಪಡೆಯಲು ಇನ್ನೆರಡು ಬೇಕು. 1991ರಲ್ಲಿ ಜಾರ್ಜಿಯಾ ಸ್ವತಂತ್ರವಾಯಿತು. ದೇಶ ಬದಲಾಯಿತು, ಮೊಹರು ಬದಲಾಗಲಿಲ್ಲ. ಅಂತರ್ಯುದ್ಧ ಆಯಿತು, ಖಜಾನೆ ಬರಿದಾಯಿತು, ಕರೆಂಟ್ ಬಂದರೆ ಬಂತು. ಅಧ್ಯಕ್ಷ ಶೆವರ್ಡ್‌ನಾಡ್ಜೆ ಆಡಳಿತದ ಕೊನೆಯ ವರ್ಷಗಳಲ್ಲಿ ಪಿಂಚಣಿ ತಿಂಗಳಿಗೆ 14 ಲಾರಿ (ಅಲ್ಲಿನ ದುಡ್ಡಿನ ಹೆಸರು), ಅದೂ ಬಾಕಿ. ಸಂಬಳ ಕೊಡಲಾಗದ ಸರ್ಕಾರ ನೌಕರರಿಗೆ ಬಿಟ್ಟುಕೊಟ್ಟದ್ದು ಒಂದನ್ನೇ: ಮೊಹರು. ಅದನ್ನೇ ಅವರು ಮಾರಿಕೊಂಡರು. ಭ್ರಷ್ಟಾಚಾರ ಕಡಿಮೆ ಇರುವ ದೇಶಗಳನ್ನು ಮೇಲಿಡುವ ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್ ಸಂಸ್ಥೆಯ 2003ರ ಪಟ್ಟಿಯ 133 ದೇಶಗಳಲ್ಲಿ ಜಾರ್ಜಿಯಾಗೆ ಸಿಕ್ಕಿದ್ದು 124ನೇ ಸ್ಥಾನ.

ಅದೇ ವರ್ಷದ ನವೆಂಬರ್‌ನಲ್ಲಿ ಚುನಾವಣೆಯಲ್ಲಿ ಮೋಸವಾಯಿತೆಂದು ಜನ ಬೀದಿಗಿಳಿದರು. ವಿರೋಧ ಪಕ್ಷದ ನಾಯಕ ಮಿಖೈಲ್ ಸಾಕಾಶ್ವಿಲಿ ಮತ್ತು ಬೆಂಬಲಿಗರು ಗುಲಾಬಿ ಹಿಡಿದು ಸಂಸತ್ತಿಗೆ ನುಗ್ಗಿದರು. ಶೆವರ್ಡ್‌ನಾಡ್ಜೆ ರಾಜೀನಾಮೆ ಕೊಟ್ಟರು. ಸಾಕಾಶ್ವಿಲಿ ಜೊತೆ ಅಧಿಕಾರಕ್ಕೆ ಬಂದವರು ಹೆಚ್ಚಿನವರು ಮೂವತ್ತರ ಆಸುಪಾಸಿನವರು, ತಾಳ್ಮೆ ಕಡಿಮೆ. ಸುಧಾರಣೆಯ ಹೊಣೆ ಹೊತ್ತ ಸಚಿವ ಕಾಖಾ ಬೆಂಡುಕಿಡ್ಜೆ ರಷ್ಯಾದಲ್ಲಿ ಉದ್ಯಮ ಕಟ್ಟಿ ಮರಳಿದ್ದವರು. ನಿಯಮ ಇದ್ದಲ್ಲಿ ಲಂಚ ಇರುತ್ತದೆ, ನಿಯಮ ತೆಗೆದರೆ ಲಂಚ ಕೇಳಲು ಕಾರಣವೇ ಇರುವುದಿಲ್ಲ ಅನ್ನುವ ಲೆಕ್ಕ ಅವರದು.

ಕತ್ತರಿ ಆಡತೊಡಗಿತು. ಇಪ್ಪತ್ತೊಂದು ಬಗೆಯ ತೆರಿಗೆ ಏಳಕ್ಕಿಳಿಯಿತು, ಆಮೇಲೆ ಆರಕ್ಕೆ. ಸುಮಾರು 900 ಲೈಸೆನ್ಸ್, ಪರವಾನಗಿಗಳಲ್ಲಿ ಉಳಿದದ್ದು 150ರ ಆಸುಪಾಸು. 2005ರ ಪರವಾನಗಿ ಕಾನೂನಿನಲ್ಲಿ ನನಗೆ ಬಹಳ ಇಷ್ಟವಾದ ಒಂದು ಅಂಶ ಇದೆ. ಗಡುವಿನೊಳಗೆ ಇಲಾಖೆ ಉತ್ತರ ಕೊಡದಿದ್ದರೆ ಪರವಾನಗಿ ಸಿಕ್ಕಿತು ಎಂದೇ ಅರ್ಥ. ಸುಮ್ನೆ ಕೂತರೆ ಒಪ್ಪಿದ ಹಾಗೆ! ನಮ್ಮ ಸಕಾಲ ಯೋಜನೆ 2012ರಲ್ಲಿ ಶುರುವಾದಾಗ ತಡವಾದ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ ಎಂದಿತ್ತು. ಎರಡೂ ಗಡುವೇ, ಆದರೆ ಅಧಿಕಾರಿಗೆ ಯಾವುದರಿಂದ ಜಾಸ್ತಿ ಬಿಸಿ ಮುಟ್ಟುತ್ತದೆ ಎಂದು ಹೇಳಬೇಕಿಲ್ಲ, ಅಲ್ವಾ?

ಬೇರೆ ದೇಶಗಳು ಬೇರೆ ದಾರಿ ಹಿಡಿದವು. ಮಾಲ್ಡೋವಾ ಇದ್ದಬದ್ದ ನಿಯಮಗಳನ್ನೆಲ್ಲ ಪಟ್ಟಿ ಮಾಡಿಸಿ, ಇಲಾಖೆಗಳು ಸಮರ್ಥಿಸಲಾಗದ್ದನ್ನು ರದ್ದು ಮಾಡಿತು. ಆ ಪದ್ಧತಿಗೆ ಹೆಸರೇ 'ಗಿಲೋಟಿನ್'. ಎಸ್ಟೋನಿಯಾ 2001ರಲ್ಲಿ ಇಲಾಖೆಗಳ ಕಂಪ್ಯೂಟರ್‌ಗಳು ಪರಸ್ಪರ ಮಾತಾಡುವಂತೆ ಎಕ್ಸ್-ರೋಡ್ ಎಂಬ ಜಾಲ ಕಟ್ಟಿತು. ಜಾರ್ಜಿಯಾಗೆ ಅಷ್ಟು ವ್ಯವಧಾನ ಇರಲಿಲ್ಲ.

ಈ ಓಟದ ಫಲ ಕಣ್ಣಿಗೆ ಕಾಣುವುದು ರಾಜಧಾನಿ ಟಿಬಿಲಿಸಿಯಲ್ಲಿ. ಮ್ಟ್‌ಕ್ವಾರಿ ನದಿ ದಂಡೆಯಲ್ಲಿ ದೊಡ್ಡ ಅಣಬೆಗಳ ಗುಂಪಿನಂಥ ಬಿಳಿ ಚಾವಣಿಯ ಕಟ್ಟಡ. ಇಟಲಿಯ ಫುಕ್ಸಾಸ್ ದಂಪತಿ ವಿನ್ಯಾಸ ಮಾಡಿದ ಈ ಸಾರ್ವಜನಿಕ ಸೇವಾ ಭವನ ತೆರೆದದ್ದು 2012ರಲ್ಲಿ. ಒಳಗೆ ತೆರೆದ ಹಾಲ್, ಸಾಲು ಸಾಲು ಕೌಂಟರ್. ಟೋಕನ್ ತಗೋಬೇಕು, ನಂಬರ್ ಬಂದಾಗ ಹೋಗಬೇಕು. ಜನನ ಪತ್ರ, ಪಾಸ್‌ಪೋರ್ಟ್, ಆಸ್ತಿ ನೋಂದಣಿ, ಕಂಪನಿ ನೋಂದಣಿ ಎಲ್ಲ ಅಲ್ಲೇ. ಕಡತ ಯಾವ ಇಲಾಖೆಗೆ ಹೋಗುತ್ತದೆ ಎನ್ನುವುದು ಜನರ ತಲೆನೋವಲ್ಲ. ಅವಸರ ಇದ್ದರೆ ಜಾಸ್ತಿ ಶುಲ್ಕ ಕಟ್ಟಿ ಅದೇ ದಿನ ಪಾಸ್‌ಪೋರ್ಟ್ ಪಡೆಯಬಹುದು, ನಮ್ಮ ತತ್ಕಾಲ್ ಥರ. ಹಿಂದೆ ಜೇಬಿಗೆ ಹೋಗುತ್ತಿದ್ದ ದುಡ್ಡು ಈಗ ರಸೀದಿ ಸಮೇತ ಖಜಾನೆಗೆ. ಎಂಬಿಬಿಎಸ್ ಓದಲು ಅಲ್ಲಿಗೆ ಹೋಗುವ ಭಾರತದ ಹುಡುಗ ಹುಡುಗಿಯರೂ ವಾಸದ ಪರವಾನಗಿಗೆ ಅರ್ಜಿ ಹಾಕುವುದು ಇಂಥ ಭವನದಲ್ಲೇ.

ಹೊರಗಿನವರು ಚಪ್ಪಾಳೆ ತಟ್ಟಿದರು. ಯಾವ ದೇಶದಲ್ಲಿ ವ್ಯಾಪಾರ ನಡೆಸುವುದು ಎಷ್ಟು ಸುಲಭ ಎಂದು ಅಳೆಯುವ ವಿಶ್ವಬ್ಯಾಂಕಿನ ಡೂಯಿಂಗ್ ಬಿಸಿನೆಸ್ ಪಟ್ಟಿಯಲ್ಲಿ ಜಾರ್ಜಿಯಾ ಒಂದೇ ವರ್ಷದಲ್ಲಿ 112ರಿಂದ 37ಕ್ಕೆ ಜಿಗಿಯಿತು. 2020ರ ಪಟ್ಟಿಯಲ್ಲಿ 7ನೇ ಸ್ಥಾನ. ಮರುವರ್ಷ ವಿಶ್ವಬ್ಯಾಂಕ್ ಆ ಪಟ್ಟಿಯನ್ನೇ ನಿಲ್ಲಿಸಿತು. ಕೆಲವು ಬೇರೆ ದೇಶಗಳ ಅಂಕಿಗಳನ್ನು ತಿದ್ದಿದ್ದು ಬಯಲಾಗಿತ್ತು.

ಪಟ್ಟಿಗೆ ಕಾಣದ ಸಂಗತಿಗಳೂ ಇದ್ದವು. ಆಸ್ತಿ ನೋಂದಣಿ ಬೇಗ ಆಗುತ್ತಿತ್ತು, ನಿಜ. ಆದರೆ ಹಳ್ಳಿಗಳಲ್ಲಿ ಎಷ್ಟೋ ಜಮೀನು ನೋಂದಣಿಯಾಗದೆ ಉಳಿದಿತ್ತು. ಆಗಿದ್ದರಲ್ಲೂ ಗಡಿ ಒಂದರ ಮೇಲೊಂದು ಬೀಳುತ್ತಿತ್ತು. ಪೋಡಿ ಆಗದ ಪಹಣಿ ಹಿಡಿದು ಓಡಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದನ್ನು ಸರಿಮಾಡಲು 2016ರಲ್ಲಿ ಬೇರೆಯೇ ಯೋಜನೆ ತರಬೇಕಾಯಿತು.

ಅದಾದರೂ ಕಾಗದದ ತೊಂದರೆ. 2006ರಲ್ಲಿ ಕಾರ್ಮಿಕ ತಪಾಸಣಾ ಇಲಾಖೆಯನ್ನೇ ಮುಚ್ಚಿಬಿಟ್ಟಿದ್ದರು. ವಾಹನಗಳ ಫಿಟ್‌ನೆಸ್ ತಪಾಸಣೆಯನ್ನೂ ಕೈಬಿಟ್ಟಿದ್ದರು. ಇನ್‌ಸ್ಪೆಕ್ಟರ್ ಬಂದರೆ ಲಂಚ ಕೇಳುತ್ತಾನೆ, ಹಾಗಾಗಿ ಇನ್‌ಸ್ಪೆಕ್ಟರೇ ಬೇಡ ಎಂದರು. ಲಂಚ ಹೋಯಿತು, ಗಣಿಯೊಳಗೆ ಇಳಿದು ನೋಡುವವನೂ ಹೋದ. 2015ರಲ್ಲಿ ತಪಾಸಣೆ ಮರಳಿತು. ಆದರೆ ಮಾಲೀಕರು ಒಪ್ಪಿದರೆ ಮಾತ್ರ ಇನ್‌ಸ್ಪೆಕ್ಟರ್ ಒಳಗೆ ಹೋಗಬಹುದಿತ್ತು. 2018ರ ಏಪ್ರಿಲ್‌ನಲ್ಲಿ ಟ್ಕಿಬುಲಿಯ ಕಲ್ಲಿದ್ದಲು ಗಣಿಯಲ್ಲಿ ಆರು ಜನ ಸತ್ತರು. ಜುಲೈನಲ್ಲಿ ಅದೇ ಊರಿನ ಗಣಿಯಲ್ಲಿ ಇನ್ನೂ ನಾಲ್ವರು. ಪೂರ್ಣ ಅಧಿಕಾರದ ಕಾರ್ಮಿಕ ತಪಾಸಣಾ ಸೇವೆ ಶುರುವಾದದ್ದು 2021ರಲ್ಲಿ. ಪಾಸ್‌ಪೋರ್ಟಿಗೆ ಬಂದವನು ಕೌಂಟರ್ ಮುಂದೆ ನಿಂತಿರುತ್ತಾನೆ, ತಡವಾದರೆ ಗೊಣಗುತ್ತಾನೆ. ಗಣಿಯಲ್ಲಿರುವವನು ಯಾವ ಕೌಂಟರಿಗೂ ಬಂದಿರುವುದಿಲ್ಲ. ಅನಗತ್ಯ ಸಹಿ ಯಾವುದು, ಅಗತ್ಯದ ಸಹಿ ಯಾವುದು ಎಂದು ಅಳೆಯುವಾಗ ಅವನನ್ನು ಯಾರೂ ಕೇಳಿರಲಿಲ್ಲ.

ಪೊಲೀಸರು ಬದಲಾದರು, ಜೈಲುಗಳು ಕೆಟ್ಟವು. ಕೈದಿಗಳ ಸಂಖ್ಯೆ ವಿಪರೀತ ಏರಿತು. 2012ರ ಸೆಪ್ಟೆಂಬರ್‌ನಲ್ಲಿ ಜೈಲಿನೊಳಗಿನ ಚಿತ್ರಹಿಂಸೆಯ ವಿಡಿಯೋಗಳು ಟಿವಿಯಲ್ಲಿ ಬಂದವು. ಅಕ್ಟೋಬರ್ ಚುನಾವಣೆಯಲ್ಲಿ ಸಾಕಾಶ್ವಿಲಿ ಪಕ್ಷ ಸೋತಿತು. ಕೋಟ್ಯಧಿಪತಿ ಬಿಡ್ಜಿನಾ ಇವಾನಿಶ್ವಿಲಿಯವರ 'ಜಾರ್ಜಿಯನ್ ಡ್ರೀಮ್' ಅಧಿಕಾರಕ್ಕೆ ಬಂತು. ಹೊಸ ಸರ್ಕಾರ ಸೇವಾ ಭವನಗಳನ್ನು ಮುಚ್ಚಲಿಲ್ಲ, ಇನ್ನಷ್ಟು ಊರುಗಳಿಗೆ ಒಯ್ದಿತು. ನೆರೆಯ ಅಜರ್‌ಬೈಜಾನ್ ಕೂಡ 'ಆಸಾನ್' ಹೆಸರಿನಲ್ಲಿ ಇಂಥದೇ ಕೇಂದ್ರಗಳನ್ನು ತೆರೆಯಿತು. ಅಲ್ಲಿ ಕೌಂಟರ್ ಚುರುಕಾಯಿತು, ಅಧ್ಯಕ್ಷರ ಕುರ್ಚಿ ಮಾತ್ರ ಒಂದೇ ಮನೆತನದಲ್ಲಿ ಉಳಿದಿದೆ.

2024ರ ಮೇ ತಿಂಗಳಲ್ಲಿ, ದೊಡ್ಡ ಪ್ರತಿಭಟನೆಗಳ ನಡುವೆ, ಜಾರ್ಜಿಯಾ ಸಂಸತ್ತು ಒಂದು ಕಾನೂನು ಪಾಸು ಮಾಡಿತು. ಶೇ 20ಕ್ಕಿಂತ ಜಾಸ್ತಿ ದುಡ್ಡು ವಿದೇಶದಿಂದ ಬರುವ ಸಂಘ ಸಂಸ್ಥೆಗಳು, ಮಾಧ್ಯಮಗಳು 'ವಿದೇಶಿ ಶಕ್ತಿಯ ಹಿತ ಕಾಯುವವರು' ಎಂದು ಹೆಸರು ಬರೆಸಬೇಕು. ಇಲ್ಲದಿದ್ದರೆ 25,000 ಲಾರಿ ದಂಡ. ಆ ಪಟ್ಟಿ ಇಡುವ ಕೆಲಸ ಬಿದ್ದದ್ದು ರಾಷ್ಟ್ರೀಯ ಸಾರ್ವಜನಿಕ ನೋಂದಣಿ ಸಂಸ್ಥೆಗೆ. 2004ರಲ್ಲಿ ಹುಟ್ಟಿ, ಮನೆ ಜಮೀನು ನೋಂದಣಿಯಿಂದ ಲಂಚ ಓಡಿಸಿ, ಜಗತ್ತಿಗೇ ಮಾದರಿ ಎನಿಸಿಕೊಂಡ ಅದೇ ಕಚೇರಿ. ಆಗಸ್ಟ್ 1ರಿಂದ ಅರ್ಜಿ ತೆಗೆದುಕೊಳ್ಳಲು ಶುರು ಮಾಡಿತು. ಹೆಚ್ಚಿನ ಸಂಸ್ಥೆಗಳು ಆ ಕಡೆ ಸುಳಿಯಲೇ ಇಲ್ಲ.